ವಿದ್ಯುತ್ ಕಾರು ಹಠಾತ್ತನೆ ನಿಂತರೆ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಇಂದು ಕೈಗಾರಿಕಾ ಪ್ರದೇಶವೆಂದು ಹೆಸರಾಗಿದೆ. ಅಲ್ಲಿಯ ಕಾರ್ಖಾನೆಗಳಿಗೆ ಸರಕು ಹೊತ್ತು ಬರುವ ಲಾರಿಗಳ ನಡುವೆ ಸದ್ದಿಲ್ಲದೆ ಸಾಗುವ ವಿದ್ಯುತ್ ಕಾರುಗಳೂ ಈಗ ಕಣ್ಣಿಗೆ ಬೀಳುತ್ತವೆ. ಅಂಥದೊಂದು ಹೊಸ ಕಾರು ಆ ರಸ್ತೆಯಲ್ಲಿ ಹೋಗುತ್ತಿದೆಯೆಂದು ಭಾವಿಸೋಣ. ಕೊಂಡು ಎರಡು ತಿಂಗಳೂ ಆಗಿಲ್ಲ. ಬ್ಯಾಟರಿಯಲ್ಲಿ ನೂರಕ್ಕೆ ೭೦ ಪಾಲು ವಿದ್ಯುತ್ತು ಉಳಿದಿದೆಯೆಂದು ಫಲಕವು ತೋರಿಸುತ್ತಿದೆ. ಹೀಗಿರುವಾಗ ಎಚ್ಚರಿಕೆಯ ದೀಪವೊಂದು ಹೊತ್ತಿಕೊಳ್ಳುತ್ತದೆ, ವೇಗ ತಾನಾಗಿ ಇಳಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಫಲಕವೇ ಕಪ್ಪಾಗಿ ಕಾರು ನಿಂತುಬಿಡುತ್ತದೆ. ಪೆಟ್ರೋಲು ಮುಗಿದು ಕಾರು ನಿಂತರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇಷ್ಟೊಂದು ವಿದ್ಯುತ್ತು ಉಳಿದಿರುವಾಗಲೇ ವಿದ್ಯುತ್ತಿಲ್ಲದೆ ನಿಲ್ಲುವುದೆಂದರೇನು?

ಉತ್ತರವು ಕಾರಿನಲ್ಲಿರುವ ಎರಡನೆಯ ಬ್ಯಾಟರಿಯಲ್ಲಿದೆ. ವಿದ್ಯುತ್ ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ ಎಂಬುದನ್ನು ಅದನ್ನು ಕೊಂಡವರಲ್ಲಿಯೂ ಅನೇಕರು ಅರಿಯರು. ಕಾರಿನ ತಳದಲ್ಲಿ ಹರಡಿಕೊಂಡಿರುವ ಲಿಥಿಯಂ ಬ್ಯಾಟರಿಯು ಮೋಟಾರನ್ನು ತಿರುಗಿಸುವುದು; ಅದರ ಒತ್ತಡ ಸಾಮಾನ್ಯವಾಗಿ ೩೦೦ರಿಂದ ೪೦೦ ವೋಲ್ಟು, ಕೆಲವು ಕಾರುಗಳಲ್ಲಿ ಇನ್ನೂ ಹೆಚ್ಚು. ಇದರ ಜೊತೆಗೆ, ಪೆಟ್ರೋಲು ಕಾರುಗಳಲ್ಲಿ ನಾವು ನೋಡಿ ಬಲ್ಲ ೧೨ ವೋಲ್ಟಿನ ಚಿಕ್ಕ ಬ್ಯಾಟರಿಯೂ ಒಂದು ಮೂಲೆಯಲ್ಲಿ ಕುಳಿತಿರುತ್ತದೆ. ದೀಪ, ಕಹಳೆ, ಬಾಗಿಲಿನ ಬೀಗ, ಚುಕ್ಕಾಣಿಗೆ ನೆರವಾಗುವ ಯಂತ್ರ, ಎಲ್ಲಕ್ಕಿಂತ ಮುಖ್ಯವಾಗಿ ಕಾರಿನ ಗಣಕಗಳು, ಇವೆಲ್ಲ ಈ ಚಿಕ್ಕದರ ಆಶ್ರಯದಲ್ಲಿವೆ.

ಹೊಸಕೋಟೆಯ ದೊಡ್ಡ ಕೆರೆಯನ್ನು ನೆನೆಯೋಣ. ಕೆರೆ ತುಂಬಿದ್ದ ಮಾತ್ರಕ್ಕೆ ಗದ್ದೆಗೆ ನೀರು ಹರಿಯುವುದಿಲ್ಲ. ನೀರುಗಂಟಿಯು ಬಂದು ತೂಬನ್ನು ಎತ್ತಬೇಕು. ದೊಡ್ಡ ಬ್ಯಾಟರಿಯೇ ಕೆರೆ. ಅದರ ಎರಡು ತುದಿಗಳಲ್ಲಿಯೂ ಕಾಂಟಾಕ್ಟರು ಎಂಬ ತೂಬುಗಳಿವೆ. ಕಾಂಟಾಕ್ಟರೆಂದರೆ ವಿದ್ಯುತ್ಕಾಂತದಿಂದ ನಡೆಯುವ ದಪ್ಪನೆಯ ಸ್ವಿಚ್ಚು. ಅದರ ಸುರುಳಿಯಲ್ಲಿ ಪ್ರವಾಹ ಹರಿಯುತ್ತಿರುವವರೆಗೆ ಮಾತ್ರ ಮುಚ್ಚಿಕೊಂಡು ವಿದ್ಯುತ್ತನ್ನು ಹೊರಗೆ ಬಿಡುತ್ತದೆ. ಪ್ರವಾಹ ನಿಂತೊಡನೆ ಸ್ಪ್ರಿಂಗು ಅದನ್ನು ಎಳೆದು ಬಿಡಿಸಿಬಿಡುತ್ತದೆ. ಆ ಸುರುಳಿಗೆ ಪ್ರವಾಹವನ್ನು ಕೊಡುವವನು ೧೨ ವೋಲ್ಟಿನ ನೀರುಗಂಟಿ. ಅವನು ಕುಸಿದರೆ ಕೆರೆ ತುಂಬಿದ್ದೂ ವ್ಯರ್ಥ. ಆ ಸ್ಥಿತಿಯಲ್ಲಿ ಕಾರಿಗೆ ಚಾರ್ಜರಿನ ತಂತಿಯನ್ನು ಸಿಕ್ಕಿಸಿದರೂ ಪ್ರಯೋಜನವಿಲ್ಲ. ವಿದ್ಯುತ್ತು ಒಳಗೆ ಹೋಗುವುದಕ್ಕೂ ಅದೇ ತೂಬು ತೆರೆಯಬೇಕಷ್ಟೆ.

ತೂಬನ್ನು ಎತ್ತುವ ಕ್ರಮವೂ ಸ್ವಾರಸ್ಯವಾಗಿದೆ. ಬ್ಯಾಟರಿಯ ಏಕಮುಖ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವ ಇನ್ವರ್ಟರಿನ ಬಾಯಲ್ಲಿ ಒಂದು ಕೆಪಾಸಿಟರು ಇರುತ್ತದೆ. ಬರಿದಾದ ಕೆಪಾಸಿಟರಿಗೆ ೩೫೦ ವೋಲ್ಟನ್ನು ಒಮ್ಮೆಲೇ ಜೋಡಿಸಿದರೆ, ತಂತಿಗಳ ರೋಧ ೦.೧ ಓಮ್ ಎಂದಿಟ್ಟುಕೊಂಡರೂ, ಓಮನ ನಿಯಮದಂತೆ ಆ ಕ್ಷಣದಲ್ಲಿ ೩೫೦೦ ಆಂಪಿಯರು ನುಗ್ಗುತ್ತದೆ. ಕಾಂಟಾಕ್ಟರಿನ ಲೋಹದ ತುಟಿಗಳು ಕರಗಿ ಬೆಸೆದುಕೊಳ್ಳಲು ಅಷ್ಟು ಸಾಕು. ಆದುದರಿಂದ ಮೊದಲು ೫೦ ಓಮಿನಷ್ಟು ರೋಧವುಳ್ಳ ಒಂದು ಅಡ್ಡದಾರಿಯನ್ನು ತೆರೆಯುತ್ತಾರೆ. ಆಗ ಪ್ರವಾಹವು ೭ ಆಂಪಿಯರನ್ನು ಮೀರದು. ಕೆಪಾಸಿಟರಿನ ಧಾರಕತೆ ೫೦೦ ಮೈಕ್ರೋಫ್ಯಾರಡ್ ಆದರೆ ಧಾರಕತೆ ಮತ್ತು ರೋಧಗಳ ಗುಣಲಬ್ಧವು ೦.೦೨೫ ಸೆಕೆಂಡು, ಅದರ ಐದರಷ್ಟು ಕಾಲದಲ್ಲಿ, ಎಂದರೆ ಒಂದು ಸೆಕೆಂಡಿನ ಎಂಟನೆಯ ಒಂದು ಪಾಲಿನಲ್ಲಿ, ಕೆಪಾಸಿಟರು ನೂರಕ್ಕೆ ೯೯ರಷ್ಟು ತುಂಬುವುದು. ಅನಂತರವೇ ಮುಖ್ಯ ಕಾಂಟಾಕ್ಟರು ಮುಚ್ಚಿಕೊಳ್ಳುತ್ತದೆ. ಕಾರನ್ನು ಚಾಲೂ ಮಾಡಿದಾಗ ತಳದಿಂದ ಕೇಳಿಬರುವ ಟಕ್ ಟಕ್ ಎಂಬ ಸದ್ದು ಇದೇ. ಆ ಸದ್ದು ಕೇಳದಿದ್ದರೆ ತೂಬು ತೆರೆಯಲಿಲ್ಲವೆಂದು ತಿಳಿಯಬೇಕು.

ಇಷ್ಟು ದೊಡ್ಡ ಬ್ಯಾಟರಿಯಿರುವಾಗ ಚಿಕ್ಕದರ ಹಂಗೇಕೆ ಎಂದು ವಾಚಕರು ಕೇಳಬಹುದು. ೨೦೦೧ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಿಂದ ಹೊರಬಂದ ‘ರೇವಾ’ ಕಾರಿನಲ್ಲಿ ೬ ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ್ದರು. ಒಟ್ಟು ೪೮ ವೋಲ್ಟು. ಏಕಮುಖ ವಿದ್ಯುತ್ತಿನಲ್ಲಿ ೬೦ ವೋಲ್ಟಿನವರೆಗೆ ಅಪಾಯ ಕಡಿಮೆಯೆಂದು ಮಾನಕಗಳು ಎಣಿಸುತ್ತವೆ. ಇಂದಿನ ೪೦೦ ವೋಲ್ಟು ಮನುಷ್ಯನನ್ನು ಕೊಲ್ಲಬಲ್ಲದು. ಆದ್ದರಿಂದ ಅದನ್ನು ಪೆಟ್ಟಿಗೆಯೊಳಗೆ ಬಂಧಿಸಿ, ಕಾರು ನಿಂತಾಗಲೂ ಅಪಘಾತವಾದಾಗಲೂ ತಾನಾಗಿ ಬೇರ್ಪಡುವಂತೆ ಏರ್ಪಾಡು ಮಾಡುವುದು ಅನಿವಾರ್ಯ. ಹೊರಗಿನ ಪ್ರವಾಹ ತಪ್ಪಿದರೆ ಕಾಂಟಾಕ್ಟರು ಬಿಟ್ಟುಕೊಳ್ಳುವುದು ದೋಷವಲ್ಲ, ಉದ್ದೇಶಪಟ್ಟು ಮಾಡಿದ ರಕ್ಷಣೆ. ನಮ್ಮ ಕಾರು ನಡುರಸ್ತೆಯಲ್ಲಿ ನಿಂತದ್ದು ಆ ರಕ್ಷಣೆಗೆ ತೆತ್ತ ಬೆಲೆಯೆನ್ನಬಹುದು.

ಹಾಗಾದರೆ ಚಿಕ್ಕ ಬ್ಯಾಟರಿ ಕುಸಿಯುವುದೇಕೆ? ಪೆಟ್ರೋಲು ಕಾರಿನಲ್ಲಿ ಅದನ್ನು ತುಂಬುವುದು ಎಂಜಿನಿನಿಂದ ತಿರುಗುವ ಆಲ್ಟರ್ನೇಟರು. ವಿದ್ಯುತ್ ಕಾರಿನಲ್ಲಿ ದೊಡ್ಡ ಬ್ಯಾಟರಿಯ ಒತ್ತಡವನ್ನು ಸುಮಾರು ೧೪ ವೋಲ್ಟಿಗೆ ಇಳಿಸಿಕೊಡುವ ಪರಿವರ್ತಕವೊಂದು ಆ ಕೆಲಸವನ್ನು ಮಾಡುತ್ತದೆ. ಪರಿವರ್ತಕ ಕೆಟ್ಟರೆ ಚಿಕ್ಕ ಬ್ಯಾಟರಿಯು ತನ್ನ ಗಂಟನ್ನೇ ಕರಗಿಸಿ ಸಂಸಾರ ನಡೆಸಬೇಕು. ಅದರ ಸಾಮರ್ಥ್ಯ ೪೫ ಆಂಪಿಯರ್-ಗಂಟೆ ಇದ್ದು, ರಾತ್ರಿಯ ಮಳೆಯಲ್ಲಿ ದೀಪ, ಒರಸುಕಡ್ಡಿ, ಗಣಕಗಳೆಲ್ಲ ಸೇರಿ ೩೦ ಆಂಪಿಯರನ್ನು ಎಳೆದರೆ ಕಾಗದದ ಲೆಕ್ಕಕ್ಕೆ ಒಂದೂವರೆ ಗಂಟೆ ಬಾಳೀತು. ನಿಜದಲ್ಲಿ ಅದಕ್ಕೂ ಬಹಳ ಮೊದಲೇ ಒತ್ತಡ ಕುಸಿದು ಗಣಕಗಳು ಕೈಬಿಡುತ್ತವೆ.

ಇದು ಕೇವಲ ಕಲ್ಪನೆಯ ಮಾತಲ್ಲ. ೨೦೨೪ರ ಜೂನ್ ತಿಂಗಳಲ್ಲಿ ಹ್ಯುಂಡೈ ಸಂಸ್ಥೆಯು ಭಾರತದಲ್ಲಿ ಮಾರಿದ ೧೭೪೪ ‘ಅಯೋನಿಕ್ ೫’ ಕಾರುಗಳನ್ನೂ, ಮರುತಿಂಗಳು ಕಿಯಾ ಸಂಸ್ಥೆಯು ೧೧೩೮ ‘ಇವಿ ೬’ ಕಾರುಗಳನ್ನೂ ತಪಾಸಣೆಗಾಗಿ ಹಿಂದಕ್ಕೆ ಕರೆಸಿದವು. ಚಾರ್ಜರನ್ನೂ ಪರಿವರ್ತಕವನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಕಮಾಡಿದ ಘಟಕವು ಕೆಟ್ಟು, ೧೨ ವೋಲ್ಟಿನ ಬ್ಯಾಟರಿ ಬರಿದಾಗುವ ಸಂಭವವಿದೆಯೆಂಬುದೇ ಕಾರಣ. ಅಮೆರಿಕದಲ್ಲಿಯೂ ಇದೇ ಘಟಕಕ್ಕಾಗಿ ಇನ್ನೂ ಹೆಚ್ಚು ಸಂಖ್ಯೆಯ ಕಾರುಗಳನ್ನು ಕರೆಸಬೇಕಾಯಿತು. ಹೀಗೆ ಬಹಿರಂಗವಾಗಿ ಕರೆಸುವುದನ್ನು ಕಾರಿನ ನಿಂದೆಯೆಂದು ತಿಳಿಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ತಿಳಿದ ದೋಷವನ್ನು ಮುಚ್ಚಿಡುವುದಕ್ಕಿಂತ ಅದು ಎಷ್ಟೋ ಮೇಲು.

ಕಾರು ಹೊಸದೆಂಬ ಭರವಸೆಯೂ ಇಲ್ಲಿ ನಿಲ್ಲುವುದಿಲ್ಲ. ಯಂತ್ರಗಳು ಕೆಡುವ ಪ್ರಮಾಣವನ್ನು ಅವುಗಳ ವಯಸ್ಸಿಗೆದುರಾಗಿ ಗುರುತುಮಾಡಿದರೆ ಬಾನಿಯ ಆಕಾರದ ರೇಖೆ ಬರುತ್ತದೆ: ಮೊದಲಲ್ಲಿ ಎತ್ತರ, ನಡುವೆ ತಗ್ಗು, ಮುಪ್ಪಿನಲ್ಲಿ ಮತ್ತೆ ಎತ್ತರ. ಬೆಸುಗೆಯಲ್ಲಿಯೋ ಗಣಕದ ಕ್ರಮವಿಧಿಯಲ್ಲಿಯೋ ಉಳಿದ ಹುಟ್ಟುದೋಷಗಳು ಬಯಲಾಗುವುದು ಮೊದಲ ತಿಂಗಳುಗಳಲ್ಲಿಯೇ. ಅದಲ್ಲದೆ ಹೊಸ ಕಾರು ಅಂಗಡಿಯ ಅಂಗಳದಲ್ಲಿ ವಾರಗಟ್ಟಲೆ ನಿಂತಿರಬಹುದು. ನಿಂತ ಕಾರಿನಲ್ಲಿಯೂ ಗಣಕಗಳು ಅರೆನಿದ್ದೆಯಲ್ಲಿದ್ದು ೫೦ ಮಿಲಿಆಂಪಿಯರನ್ನು ಹೀರುತ್ತಿದ್ದರೆ ೪೫ ಆಂಪಿಯರ್-ಗಂಟೆಯ ಬ್ಯಾಟರಿಯು ೯೦೦ ಗಂಟೆಗಳಲ್ಲಿ, ಎಂದರೆ ೩೭ ದಿನಗಳಲ್ಲಿ, ಬರಿದಾಗುವುದು. ಕೆಲವು ಕಾರುಗಳು ಇದನ್ನು ಅರಿತು ಆಗಾಗ ತಾವಾಗಿ ಎಚ್ಚೆತ್ತು ಚಿಕ್ಕದನ್ನು ತುಂಬಿಕೊಳ್ಳುತ್ತವೆ.

ಇನ್ನೊಂದು ಕಾರಣ ಮಳೆಗಾಲಕ್ಕೆ ಸೇರಿದ್ದು. ೧೨ ವೋಲ್ಟಿನ ಮಂಡಲದ ಋಣತುದಿಯು ಕಾರಿನ ಮೈಗೆ ಜೋಡಿಸಿರುತ್ತದೆ; ಹೆಚ್ಚಿನ ಒತ್ತಡದ ಮಂಡಲದ ಎರಡು ತುದಿಗಳೂ ಮೈಯಿಂದ ಪ್ರತ್ಯೇಕವಾಗಿರಬೇಕು. ಈ ಪ್ರತ್ಯೇಕತೆಯ ರೋಧವು ಏಕಮುಖ ವಿದ್ಯುತ್ತಿನಲ್ಲಿ ಪ್ರತಿ ವೋಲ್ಟಿಗೆ ಕನಿಷ್ಠ ೧೦೦ ಓಮ್, ಪರ್ಯಾಯ ವಿದ್ಯುತ್ತಿನಲ್ಲಿ ೫೦೦ ಓಮ್ ಇರಬೇಕೆಂಬುದು ನಿಯಮ. ೪೦೦ ವೋಲ್ಟಿಗೆ ಎರಡನೆಯ ಲೆಕ್ಕದಿಂದ ಎರಡು ಲಕ್ಷ ಓಮ್ ಆಯಿತು. ಆಗ ಸೋರುವ ಪ್ರವಾಹ ೨ ಮಿಲಿಆಂಪಿಯರು ಮಾತ್ರ. ನೀರು ಹೊಕ್ಕು ಈ ರೋಧ ಇಳಿದರೆ ಗಣಕವು ಎಚ್ಚರಿಕೆ ಕೊಟ್ಟು, ಒಮ್ಮೆ ಆರಿಸಿದ ಕಾರನ್ನು ಮತ್ತೆ ಹೊರಡಗೊಡದಿರಬಹುದು. ಆಗ ಹೊರಡಿಸಲು ಹಠ ಹಿಡಿಯುವುದು ಮೂರ್ಖತನ.

ಎಚ್ಚರಿಕೆಯ ದೀಪ ಹೊತ್ತಿದಾಗ ಚಾಲಕನು ಮಾಡಬೇಕಾದುದೇನು? ವೇಗವಿರುವಾಗಲೇ ಎಡಬದಿಗೆ ಸರಿಯಬೇಕು; ಚುಕ್ಕಾಣಿಯ ನೆರವು ತಪ್ಪಿದರೆ ಅದು ಬಿಗಿಯಾಗುವುದು, ಆದರೆ ಬಲವಾಗಿ ತಿರುಗಿಸಿದರೆ ತಿರುಗದೆ ಇರದು. ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಮನೆ ಒತ್ತಬೇಕು. ಸುರಕ್ಷಿತವಾದ ಸ್ಥಳವನ್ನು ಸೇರುವವರೆಗೆ ಕಾರನ್ನು ಆರಿಸಕೂಡದು. ಒಮ್ಮೆ ಬಿಟ್ಟ ಕಾಂಟಾಕ್ಟರು ಮತ್ತೆ ಹಿಡಿಯಲಾರದು. ನಿಂತೊಡನೆ ಕಿಟಕಿಯ ಗಾಜನ್ನು ಇಳಿಸಿಕೊಳ್ಳುವುದು ಜಾಣತನ, ಏಕೆಂದರೆ ಗಾಜನ್ನು ಇಳಿಸುವ ಮೋಟಾರೂ ಸಾಯುತ್ತಿರುವ ಅದೇ ಬ್ಯಾಟರಿಯ ಋಣದಲ್ಲಿದೆ. ವಿದ್ಯುತ್ತಿನಿಂದ ತೆರೆಯುವ ಬಾಗಿಲುಗಳಿಗೆ ಕೈಯಿಂದ ಎಳೆಯುವ ಗುಪ್ತ ಹಿಡಿಯೊಂದು ಇರುತ್ತದೆ. ಅದು ಎಲ್ಲಿದೆಯೆಂದು ಕಾರು ಕೊಂಡ ದಿನವೇ ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳಬೇಕು. ಮಿನುಗುದೀಪಗಳೂ ಬೇಗನೆ ಆರಬಹುದಾದ್ದರಿಂದ ಕೆಂಪು ತ್ರಿಕೋನದ ಫಲಕವನ್ನು ಹಿಂದೆ ಸಾಕಷ್ಟು ದೂರದಲ್ಲಿರಿಸಿ, ಎಲ್ಲರೂ ರಸ್ತೆಯಿಂದಾಚೆ ನಿಲ್ಲತಕ್ಕದ್ದು. ರಾಷ್ಟ್ರೀಯ ಹೆದ್ದಾರಿಯಾದರೆ ೧೦೩೩, ಪ್ರಾಣಾಪಾಯವಿದ್ದರೆ ೧೧೨ ದೂರವಾಣಿ ಸಂಖ್ಯೆಗಳು ನೆನಪಿರಲಿ. ಕಿತ್ತಳೆ ಬಣ್ಣದ ದಪ್ಪ ತಂತಿಗಳು ಹೆಚ್ಚಿನ ಒತ್ತಡದವು. ಅವುಗಳಿಗೆ ಕೈ ಹಾಕುವಂತಿಲ್ಲ.

ಕೈಪಿಡಿಯು ಒಪ್ಪಿದರೆ ಬೇರೆ ವಾಹನದ ೧೨ ವೋಲ್ಟಿನ ಬ್ಯಾಟರಿಯಿಂದ ನೆರವು ಪಡೆಯಬಹುದು. ಮೊದಲು ಎರಡು ಧನತುದಿಗಳನ್ನು ಕೂಡಿಸಿ, ನೆರವು ಕೊಡುವ ಬ್ಯಾಟರಿಯ ಋಣತುದಿಯ ತಂತಿಯನ್ನು ಕೊನೆಯಲ್ಲಿ ನಿಂತ ಕಾರಿನ ಮೈಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ, ಹಚ್ಚಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದುಂಟು. ಬ್ಯಾಟರಿಯ ಬಳಿ ಜಲಜನಕವಿರಬಹುದು. ಇಲ್ಲಿ ಬೇಕಾದುದು ಎಂಜಿನನ್ನು ತಿರುಗಿಸುವಷ್ಟು ಶಕ್ತಿಯಲ್ಲ, ತೂಬನ್ನು ಎತ್ತುವಷ್ಟು ಮಾತ್ರ. ಆಮೇಲೆ ಪರಿವರ್ತಕವೇ ಹೊಣೆ ಹೊರುತ್ತದೆ. ವಿದ್ಯುತ್ ಕಾರಿನಿಂದ ಇನ್ನೊಂದಕ್ಕೆ ನೆರವು ಕೊಡುವುದನ್ನು ಮಾತ್ರ ಹಲವು ತಯಾರಕರು ನಿಷೇಧಿಸಿದ್ದಾರೆ.

ಹಗ್ಗ ಕಟ್ಟಿ ಎಳೆಯುವ ನಮ್ಮ ಹಳೆಯ ಪದ್ಧತಿ ಇಲ್ಲಿ ಸಲ್ಲದು. ಹಲವು ಕಾರುಗಳ ಮೋಟಾರಿನಲ್ಲಿ ಶಾಶ್ವತ ಕಾಂತಗಳಿವೆ. ಚಕ್ರ ತಿರುಗಿದರೆ ಅವೂ ತಿರುಗಿ, ೧೮೩೧ರಲ್ಲಿ ಫ್ಯಾರಡೆಯು ಕಂಡ ತತ್ವದಂತೆ, ಮೋಟಾರೇ ಜನಕವಾಗುತ್ತದೆ. ವೇಗದೊಡನೆ ಒತ್ತಡವೂ ಏರಿ ಇನ್ವರ್ಟರಿಗೆ ಹಾನಿಯಾದೀತು. ನಾಲ್ಕು ಚಕ್ರಗಳನ್ನೂ ನೆಲದಿಂದ ಎತ್ತಿ ಲಾರಿಯ ಮೇಲೆ ಒಯ್ಯುವುದೇ ಸರಿ.

ದೋಷ ಯಾರದೆಂದು ತಿಳಿಯಲು ನೂರಾರು ರೂಪಾಯಿಯ ಮಲ್ಟಿಮೀಟರು ಸಾಕು. ಸೀಸ-ಆಮ್ಲದ ಚಿಕ್ಕ ಬ್ಯಾಟರಿಯು ತುಂಬಿ ವಿಶ್ರಾಂತಿಯಲ್ಲಿದ್ದಾಗ ಸುಮಾರು ೧೨.೬ ವೋಲ್ಟು ತೋರಿಸುತ್ತದೆ. ೧೨ಕ್ಕಿಂತ ಕೆಳಗಿಳಿದರೆ ಅದು ಬರಿದಾದಂತೆಯೇ. ಕಾರು ಚಾಲೂ ಆದ ಮೇಲೆ ಓದು ೧೩.೫ರಿಂದ ೧೪.೫ರ ಆಸುಪಾಸಿಗೆ ಏರಿದರೆ ಪರಿವರ್ತಕ ದುಡಿಯುತ್ತಿದೆ, ಬ್ಯಾಟರಿಯನ್ನು ಶಂಕಿಸಬೇಕು. ಏರದೆ ೧೨ರ ಬಳಿಯೇ ಉಳಿದು ಇಳಿಯುತ್ತ ಹೋದರೆ ತಪ್ಪು ಪರಿವರ್ತಕದ್ದು. ಹೊಸ ಬ್ಯಾಟರಿಯನ್ನು ಹಾಕಿಸಿದರೂ ಕಾರು ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುವುದು.