ನಾಲ್ಕು ಚಕ್ರವಿದ್ದರೂ ಮಗುಚುವುದೇಕೆ?

ಒಂಬತ್ತನೇ ತರಗತಿಗೆ ಗುರುತ್ವ ಕೇಂದ್ರದ ಪಾಠ. ಪೀಠಿಕೆಗೆ ಮಡಿಕೇರಿ ಬಳಿ ನಾನು ಮಾಡಿದ ಎಟಿವಿ ಸವಾರಿಯನ್ನೇ ಆರಿಸಿಕೊಂಡೆ. ಹೆಲ್ಮೆಟ್ ಹಾಕಿಸಿ, ಹೆಬ್ಬೆರಳಿನಿಂದ ಆಕ್ಸಿಲರೇಟರ್ ಒತ್ತುವುದನ್ನು ಕಲಿಸಿ, ಸಮತಟ್ಟಿನಲ್ಲಿ ಎರಡು ಸುತ್ತು ಹೊಡೆಸಿದ ಮೇಲೆಯೇ ಗೈಡ್ ಮುಂದೆ ಹೊರಟಿದ್ದರು. ನಾವು ಸಾಲಾಗಿ ಹಿಂದೆ. ಮಕ್ಕಳು ಕಣ್ಣರಳಿಸಿ ಕೇಳಿದರು. ಆ ಹುಮ್ಮಸ್ಸಿನಲ್ಲಿ “ನಾಲ್ಕು ಚಕ್ರ, ಬೀಳುವ ಭಯವಿಲ್ಲ” ಎಂದುಬಿಟ್ಟೆ. ಪಾಠಯೋಜನೆಯಲ್ಲಿ ಈ ವಾಕ್ಯ ಇರಲಿಲ್ಲ.

“ಟ್ರ್ಯಾಕ್ಟರ್‌ಗೂ ನಾಲ್ಕೇ ಅಲ್ವಾ ಮಿಸ್? ನಮ್ಮ ಚಿಕ್ಕಪ್ಪಂದು ಬದುವಿನ ಮೇಲೆ ಮಗುಚ್ತು” ಎಂದಳು ಹಿಂದಿನ ಬೆಂಚಿನ ಹುಡುಗಿ. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ತಪ್ಪೊಪ್ಪಿಕೊಂಡೇ ಪಾಠ ಆರಂಭಿಸಿದೆ. ಒರಟು ಹಲಗೆಯ ಮೇಲೆ ಎರಡು ಬೆಂಕಿಪೊಟ್ಟಣ ಇಟ್ಟು ಓರೆ ಮಾಡಿದೆವು. ನೆಟ್ಟಗೆ ನಿಲ್ಲಿಸಿದ್ದು ಮೊದಲು ಉರುಳಿತು. ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ತಳದ ಹೊರಗೆ ಬಿದ್ದರೆ ವಸ್ತು ನಿಲ್ಲದು. ಎಟಿವಿಯ ಮೇಲೆ ಸವಾರ ಎತ್ತರದಲ್ಲಿ ಕೂರುವುದರಿಂದ ಅವನ ತೂಕವೂ ಲೆಕ್ಕಕ್ಕೆ ಬರುತ್ತದೆ. ಏರುವಾಗ ಮುಂದಕ್ಕೆ ಬಾಗಿ, ಇಳಿಯುವಾಗ ಹಿಂದಕ್ಕೆ ಸರಿಯಿರಿ, ಅಡ್ಡ ಇಳಿಜಾರಿನಲ್ಲಿ ಮೇಲ್ಬದಿಗೆ ವಾಲಿ ಎಂದು ಗೈಡ್ ಕೂಗುತ್ತಿದ್ದುದು ಏಕೆಂದು ನನಗೂ ಅಂದೇ ತಿಳಿದದ್ದು.

ಆ ಹುಡುಗಿ ಟ್ರ್ಯಾಕ್ಟರಿನ ಚಿತ್ರ ಬರೆದು ತಂದಳು. ರೇಖೆ ಕೆಳಬದಿಯ ಚಕ್ರದ ಆಚೆಗೆ ಬಿದ್ದಿತ್ತು.