ಹರಳಿನೊಳಗಣ ಬರಿದು ತಾಣಗಳು

ಹರಳೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಅಡಿಗೆಯ ಉಪ್ಪು. ಅದರಲ್ಲಿ ಸೋಡಿಯಂ, ಕ್ಲೋರಿನ್‌ಗಳು ಒಂದು ಬಿಟ್ಟು ಒಂದರಂತೆ ಸಾಲಾಗಿ ಕುಳಿತಿವೆ. ಆದರೆ ತನ್ನ ಒಂದು ಬಗೆಯ ಸ್ಥಾನಗಳಲ್ಲಿ ಐದಕ್ಕೊಂದನ್ನು ಬರಿದಾಗಿಟ್ಟುಕೊಂಡೂ ಕುಸಿಯದೆ ನಿಲ್ಲುವ ಹರಳೊಂದುಂಟು. ಬರೆದು, ಅಳಿಸಿ, ಮತ್ತೆ ಬರೆಯಬಲ್ಲ ಡಿ.ವಿ.ಡಿ. ತಟ್ಟೆಗಳಲ್ಲಿ ಬಳಕೆಗೆ ಬಂದದ್ದು ಇಂಥ ವಸ್ತುವೇ.

ಇದರಲ್ಲಿ ಜರ್ಮೇನಿಯಂ, ಆಂಟಿಮೊನಿ, ಟೆಲ್ಯುರಿಯಂ ಎಂಬ ಮೂರು ಧಾತುಗಳು 2:2:5ರ ಪ್ರಮಾಣದಲ್ಲಿ ಕೂಡಿವೆ. 1968ರಲ್ಲಿ ಅಮೆರಿಕದ ಓವ್‌ಶಿನ್‌ಸ್ಕಿ ಇಂಥ ಗಾಜುಗಳು ವಿದ್ಯುತ್ತಿನಿಂದ ಸ್ಥಿತಿ ಬದಲಿಸುವುದನ್ನು ಪ್ರಕಟಿಸಿದರು. ಈ ಮಿಶ್ರಣದ ಬಳಗವನ್ನು 1987ರಲ್ಲಿ ಮುಂದಕ್ಕೆ ತಂದವರು ಜಪಾನಿನ ಯಮಾದ ಮತ್ತು ಸಂಗಡಿಗರು.

ತೀವ್ರವಾದ ಲೇಸರ್ ಕಿರಣವು ತಟ್ಟೆಯ ಒಂದು ಚುಕ್ಕೆಯನ್ನು ಕರಗಿಸುತ್ತದೆ. ಕರಗಿದ್ದು ಥಟ್ಟನೆ ತಣಿದಾಗ ಪರಮಾಣುಗಳಿಗೆ ಸಾಲುಗೂಡಲು ಹೊತ್ತು ಸಾಲದು; ಗಾಜಿನಂತೆ ಅಸ್ತವ್ಯಸ್ತವಾಗಿಯೇ ಹೆಪ್ಪುಗಟ್ಟುತ್ತವೆ. ಆ ಚುಕ್ಕೆ ಬೆಳಕನ್ನು ಕಡಮೆ ಪ್ರತಿಫಲಿಸುತ್ತದೆ; ಇದೇ ಬರಹ. ಕರಗದಷ್ಟು ಕಾವು ಕೊಟ್ಟರೆ ಪರಮಾಣುಗಳು ಮತ್ತೆ ಸಾಲುಗೂಡಿ ಬರಹ ಅಳಿಯುತ್ತದೆ.

ಹೀಗೆ ಸಾಲುಗೂಡಿದ ಹರಳು ಉಪ್ಪಿನ ಮಾದರಿಯದು. ಅರ್ಧದಷ್ಟು ಸ್ಥಾನಗಳು ಟೆಲ್ಯುರಿಯಂಗೆ ಮೀಸಲು. ಉಳಿದರ್ಧದಲ್ಲಿ ಮಿಕ್ಕೆರಡು ಧಾತುಗಳು ಕ್ರಮವಿಲ್ಲದೆ ಹರಡಿವೆ. ಲೆಕ್ಕ ಹಾಕಿ ನೋಡಿ: ಐದು ಟೆಲ್ಯುರಿಯಂಗಳಿಗೆ ಎದುರಾಗಿ ಐದು ಸ್ಥಾನಗಳು, ತುಂಬಲು ಇರುವುದು ಎರಡೂ ಎರಡೂ ನಾಲ್ಕೇ. ಐದನೆಯದು, ಎಂದರೆ ಶೇಕಡ 20, ಬರಿದು.

ಇನ್ನೂ ಹೆಚ್ಚು ಕಾಯಿಸಿದರೆ, ಅಲ್ಲಲ್ಲಿ ಚದರಿದ್ದ ಬರಿದು ತಾಣಗಳು ಒಂದೊಂದು ಸಮತಲದಲ್ಲಿ ನೆರೆಯುತ್ತವೆ. ಆಗ ಹರಳು ಪದರುಪದರಾಗುತ್ತದೆ. ಒಂಬತ್ತು ಪರಮಾಣು-ಹಾಳೆಗಳಿಗೆ ಒಂದು ಕಟ್ಟು: ಐದು ಟೆಲ್ಯುರಿಯಂ ಹಾಳೆ, ಅವುಗಳ ನಡುನಡುವೆ ನಾಲ್ಕು ಇತರ ಹಾಳೆ. ಮತ್ತೊಂದು ಹಾಳೆ ಇರಬೇಕಾದಲ್ಲಿ ಬರಿಯ ಸಂದು! ಕಟ್ಟಿಗೂ ಕಟ್ಟಿಗೂ ಇರುವುದು ವಾನ್ ಡರ್ ವಾಲ್ಸ್ ಎಂಬ ದುರ್ಬಲ ಸೆಳೆತವಷ್ಟೇ. ಪೆನ್ಸಿಲಿನ ಗ್ರಾಫೈಟ್ ಪದರಗಳ ನಡುವೆ ಇರುವುದೂ ಅದೇ.

ಸಂದಿನ ಕಡೆಗೆ ಯಾವ ಧಾತುವಿದೆ ಎಂಬ ಬಗ್ಗೆ ದೀರ್ಘ ವಾದವೇ ನಡೆಯಿತು. 1968ರಲ್ಲಿ ಪೆತ್ರೋವ್ ಮತ್ತು ಸಂಗಡಿಗರು ಜರ್ಮೇನಿಯಂ ಎಂದರು. 2002ರಲ್ಲಿ ಕೋಯಿ ಮತ್ತು ಡೆ ಹೊಸ್ಸನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಆಂಟಿಮೊನಿ ಎಂದರು. 2004ರಲ್ಲಿ ಮತ್ಸುನಾಗ ಮತ್ತು ಸಂಗಡಿಗರು ಎಕ್ಸ್-ಕಿರಣಗಳಿಂದ ಎರಡೂ ಬೆರೆತಿರುವುದನ್ನು ಕಂಡರು. ಬೆರಕೆಯ ಪಕ್ಷವೇ ಬಲವಾದದ್ದೆಂದು ನನಗೆ ತೋರುತ್ತದೆ.

ಈ ಪದರುಗಳ ಚಿತ್ರ ಅಂದವಾದುದು, ನಿಜ. ಆದರೆ ಅದನ್ನೇ ತಟ್ಟೆಯೊಳಗಣ ಹರಳೆಂದು ತಿಳಿಯಲಾಗದು. ಅಲ್ಲಿ ದುಡಿಯುವುದು ಉಪ್ಪಿನ ಮಾದರಿಯ ರೂಪವೇ. ಗಾಜುಸ್ಥಿತಿಯಿಂದ ಅದನ್ನು ಸೇರಲು ಪರಮಾಣುಗಳು ಬಹುದೂರ ಸರಿಯಬೇಕಿಲ್ಲ. ಜರ್ಮೇನಿಯಂ ಯಾವುದು, ಆಂಟಿಮೊನಿ ಯಾವುದು, ಬರಿದು ಯಾವುದು ಎಂದು ವಿಂಗಡಿಸಿಕೊಳ್ಳುವ ಕೆಲಸವೂ ಇಲ್ಲ. ಆದ್ದರಿಂದಲೇ ಅಳಿಸುವ ಕಾರ್ಯ ನ್ಯಾನೋಸೆಕೆಂಡುಗಳ ಲೆಕ್ಕದಲ್ಲಿ ಮುಗಿದುಹೋಗುತ್ತದೆ.