ಸ್ವಲೀನತೆಯುಳ್ಳವರೂ ಅವರ ಕೈಹವ್ಯಾಸವೂ

‘ಆಟಿಸಂ’ ಎಂಬುದಕ್ಕೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಶಬ್ದವು ರೂಢಿಗೆ ಬಂದಿದೆ. ತನ್ನಲ್ಲಿಯೇ ಮುಳುಗಿ ಪರರನ್ನು ಲೆಕ್ಕಿಸದವನು ಎಂಬ ಅರ್ಥವು ಇದರಿಂದ ಹೊರಡುವುದಾದರೂ, ಅನೇಕರ ವಿಷಯದಲ್ಲಿ ಅದು ವಿಪರೀತಾರ್ಥವೇ ಸರಿ. ಹೊರಜಗತ್ತು ಇವರೊಳಗೆ ಮಿತಿಮೀರಿ ನುಗ್ಗುತ್ತದೆ. ಮದುವೆಮನೆಯ ಧ್ವನಿವರ್ಧಕ, ಒಗ್ಗರಣೆಯ ಘಾಟು, ದೀಪದ ಮಿನುಗು, ಇವುಗಳನ್ನು ನಾವು ಗಮನಿಸದೆ ದಾಟಿಹೋಗುತ್ತೇವೆ, ಅವರು ದಣಿದುಬಿಡುತ್ತಾರೆ.

1943ರಲ್ಲಿ ಅಮೆರಿಕದ ವೈದ್ಯರಾದ ಲಿಯೊ ಕ್ಯಾನರ್ ಅವರು 11 ಮಕ್ಕಳನ್ನು ಕುರಿತು ಬರೆದುದರಿಂದಲೋ ಏನೋ, ಇದು ಮಕ್ಕಳ ವಿಷಯವೆಂದೇ ಜನರು ಬಗೆದರು. ಆ ಮಕ್ಕಳು ಬೆಳೆಯುವುದಿಲ್ಲವೆ? ಸೌಮ್ಯ ಸ್ವರೂಪದ ಸ್ವಲೀನತೆಯುಳ್ಳವರು ಓದಿ, ಉದ್ಯೋಗ ಹಿಡಿದು, ಯಾರಿಗೂ ಗುರುತು ಹತ್ತದೆ ನಡುವಯಸ್ಸನ್ನು ಮುಟ್ಟುವುದುಂಟು. ತಾಯಿಯ ಪ್ರೀತಿಯ ಕೊರತೆಯಿಂದ ಇದು ಬರುವುದೆಂಬ ಹಿಂದಿನ ಮತವು ಸುಳ್ಳೆಂದು ಸಿದ್ಧವಾಗಿದೆ. ಇದು ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭೇದ.

ಕಚೇರಿಯಲ್ಲಿ ಲೆಕ್ಕ ಬರೆಯುವ ಮೂವತ್ತೈದರ ಮಗನೊಬ್ಬನನ್ನು ಭಾವಿಸಿರಿ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ವ್ಯಂಗ್ಯವು ತಿಳಿಯದು, ದಿನಚರಿ ಕದಲಿದರೆ ಕಳವಳ. ದಿನವೆಲ್ಲ ಇತರರಂತೆ ನಕ್ಕು ನುಡಿಯಲು ಪ್ರಯಾಸಪಟ್ಟು ಸಂಜೆ ಮನೆ ಸೇರಿ, ಹಳೆಯ ಸೀರೆಗಳ ಕೌದಿಯನ್ನು ಹೊಲಿಯುತ್ತ ಕೂರುತ್ತಾನೆ. ‘ಗಂಡಸಿಗೇಕೋ ಸೂಜಿ? ನೆಂಟರು ನಕ್ಕಾರು’ ಎಂದು ಮನೆಯವರು ಕಸಿದುಕೊಳ್ಳುವರು. ಮದುವೆ ಮಾಡಿದರೆ ಸರಿಹೋದೀತೆನ್ನುವ ಹಿರಿಯರೂ ಉಂಟು. ವಿವಾಹವು ಚಿಕಿತ್ಸೆಯಲ್ಲ, ವಿಷಯವನ್ನು ಕನ್ಯೆಗೆ ಮರೆಮಾಚುವುದು ಇಬ್ಬರಿಗೂ ಅನ್ಯಾಯ.

ಆ ಕೌದಿಯಲ್ಲಿ ಏನಿದೆ? ಒಂದು ಹೊಲಿಗೆಯ ಹಿಂದೆ ಅಷ್ಟೇ ಅಂತರದ ಇನ್ನೊಂದು ಹೊಲಿಗೆ. ಬಟ್ಟೆಯ ಸ್ಪರ್ಶವು ಬದಲಾಗದು, ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ನಿನ್ನೆ ನಿಂತಲ್ಲಿಯೇ ಸೂಜಿ ಇರುತ್ತದೆ. ಮುಂದೇನೆಂಬ ಅನಿಶ್ಚಯದಿಂದ ಬಳಲಿದವನಿಗೆ ಇದೇ ವಿಶ್ರಾಂತಿ. ಇನ್ನೊಬ್ಬನಿಗೆ ರೈಲಿನ ವೇಳಾಪಟ್ಟಿ, ಮತ್ತೊಬ್ಬಳಿಗೆ ಚುಕ್ಕಿರಂಗೋಲಿ ಹೀಗಾಗಬಹುದು. ಅವರ ಮನಸ್ಸು ಎತ್ತ ಒಲಿದಿದೆಯೆಂಬುದನ್ನು ಮೊದಲು ನೋಡತಕ್ಕದ್ದು.

ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರು ಸ್ವತಃ ಸ್ವಲೀನತೆಯುಳ್ಳವರು. ಎಳೆಯ ಪ್ರಾಯದಲ್ಲಿ, ಇಕ್ಕಟ್ಟಾದ ಚೌಕಟ್ಟಿನ ಒತ್ತಡದಲ್ಲಿ ದನಗಳು ಶಾಂತವಾಗುವುದನ್ನು ಕಂಡು, ತಮ್ಮ ಮೈಯನ್ನು ಹಾಗೆಯೇ ಒತ್ತುವ ಹಲಗೆಯ ಯಂತ್ರವೊಂದನ್ನು ಮಾಡಿಕೊಂಡರು. ಕೆಲವರಿಗೆ ಅದು ವಿಕಾರವೆಂದು ತೋರಿತು. ವಿಜ್ಞಾನದ ಉಪಾಧ್ಯಾಯರೊಬ್ಬರು ಮಾತ್ರ, ಅದು ಏಕೆ ಶಾಂತಿ ಕೊಡುತ್ತದೆಂಬುದನ್ನು ನೀನೇ ಶೋಧಿಸೆಂದು ಹುರಿದುಂಬಿಸಿದರು. ಆಕೆ ಮುಂದೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಉಪಾಧ್ಯಾಯವೃತ್ತಿಯವನಾದ ನನಗೆ ಆ ಸಹೋದ್ಯೋಗಿಯ ಮೇಲೆ ಗೌರವ ಹೆಚ್ಚು.

ಕಾಯಕದ ಹಿರಿಮೆಯನ್ನು ಕೇಳುತ್ತ ಬೆಳೆದ ನಾವು ‘ಇದರಿಂದ ಎಷ್ಟು ಬರುತ್ತದೆ?’ ಎನ್ನುವುದು ಸಹಜ. ಆದರೆ ಕೌದಿಯನ್ನು ಮಾರಲು ಹಚ್ಚಿದೊಡನೆ ಗಿರಾಕಿ, ಗಡುವು, ಚೌಕಾಶಿಗಳು ಬಂದು ಅದೂ ಮತ್ತೊಂದು ಕಚೇರಿಯಾದೀತು. ಅವನೇ ಬಯಸಿದರೆ ಮಾತು ಬೇರೆ. ಊಟಕ್ಕೆ ಹತ್ತು ನಿಮಿಷ ಮುಂಚೆಯೇ ತಿಳಿಸಿರಿ. ಶಿಕ್ಷೆಯೆಂದು ಸೂಜಿಯನ್ನು ಕಿತ್ತುಕೊಳ್ಳಬೇಡಿರಿ. ನಿದ್ರಾಹಾರಗಳು ಕೆಟ್ಟರೆ, ಖಿನ್ನತೆ ಕಂಡರೆ, ಹವ್ಯಾಸವೊಂದನ್ನೇ ನಂಬದೆ ಮನೋವೈದ್ಯರನ್ನು ಕಾಣತಕ್ಕದ್ದು.

ತಾಯಿಯು ಕೌದಿಯ ಇನ್ನೊಂದು ಅಂಚನ್ನು ಹಿಡಿದು ತಾನೂ ಹೊಲಿಯಬಹುದು. ಎದುರುಬದುರು ಕುಳಿತಾಗ ಬಾರದ ಮಾತು ಪಕ್ಕದಲ್ಲಿ ಕುಳಿತಾಗ ತಾನಾಗಿ ಬರುವುದುಂಟು. ಬಾರದಿದ್ದರೆ ಕೆದಕುವುದು ಬೇಡ.